ಪೆರ್ನಾಲಿನ ಮೈಲಾಂಜಿ: ಯಾವ ರಾತ್ರಿ ಹಚ್ಚಬೇಕು, ಯಾವುದನ್ನು ಹಚ್ಚಬೇಕು?

ಪ್ರಶ್ನೆ
ಬರೆದವರು: ಬೇಲಿಯಾಚೆಯ ಟೀಚರ್, ಮಂಜೇಶ್ವರ

ನಮ್ಮ ಮನೆಗೂ ನೆರೆಮನೆಗೂ ನಡುವೆ ಗೋಡೆಯಿಲ್ಲ, ಆಳೆತ್ತರದ ಮದರಂಗಿ ಬೇಲಿಯಿದೆ. ಆಚೆಯವರು ಬ್ಯಾರಿ ಮಾತನಾಡುವ ಮುಸ್ಲಿಮರು, ಈಚೆಯ ನಾವು ತುಳು ಮನೆಮಾತಿನವರು. ಎರಡೂ ಮನೆಯ ಮಕ್ಕಳು ಓದುವುದು ಮಾತ್ರ ನಾನು ಪಾಠ ಹೇಳುವ ಒಂದೇ ಕನ್ನಡ ಶಾಲೆಯಲ್ಲಿ. ರಂಜಾನ್ ತಿಂಗಳು ಮುಗಿಯುವ ಸಂಜೆ ಚಂದ್ರ ಕಂಡ ಸುದ್ದಿ ಬಂದೊಡನೆ ಆ ಮನೆಯ ಉಮ್ಮ (ತಾಯಿ) ಬೇಲಿಯ ಬಳಿ ನಿಂತು, ಪೆರ್ನಾಲಿಗೆ (ಈದ್ ಹಬ್ಬಕ್ಕೆ) ಮೈಲಾಂಜಿ (ಮದರಂಗಿ) ಹಚ್ಚಲು ನನ್ನ ಇಬ್ಬರು ಹೆಣ್ಣುಮಕ್ಕಳನ್ನು ಕೂಗಿ ಕರೆಯುವುದು ಎಷ್ಟೋ ವರ್ಷಗಳಿಂದ ನಡೆದುಬಂದಿದೆ. ಆ ರಾತ್ರಿ ಅವರ ಜಗಲಿಯಲ್ಲಿ ಹತ್ತು ಹನ್ನೆರಡು ಹುಡುಗಿಯರು ಕೈ ಚಾಚಿ ಕುಳಿತಿರುತ್ತಾರೆ, ಒಳಗೆ ನೆಯ್ಚೋರಿಗೆ (ತುಪ್ಪದನ್ನಕ್ಕೆ) ಈರುಳ್ಳಿ ಹೆಚ್ಚುವ ಸದ್ದು ಕೇಳುತ್ತಿರುತ್ತದೆ. ನಮ್ಮಲ್ಲಿ ಮದರಂಗಿ ಎಂದರೆ ಮದುವೆಯ ಹಿಂದಿನ ರಾತ್ರಿಯ ಶಾಸ್ತ್ರ; ವರ್ಷಕ್ಕೆ ಎರಡು ಸಲ, ಅದೂ ಹಬ್ಬದ ನೆವದಲ್ಲಿ ಕೈ ಕೆಂಪಾಗುವ ಭಾಗ್ಯ ನನ್ನ ಮಕ್ಕಳಿಗೆ ಸಿಕ್ಕಿದ್ದು ಆ ಬೇಲಿಯಿಂದಾಗಿ.

ಕಳೆದ ವರ್ಷ ಮಾತ್ರ ಸಂಗತಿ ಕೆಟ್ಟಿತು. ಪೇಟೆಯ ಫ್ಯಾನ್ಸಿ ಅಂಗಡಿಯಿಂದ ತಂದ ಕೋನ್‌ನಲ್ಲಿ ಚಿತ್ರ ಬರೆದ ಅರ್ಧ ಗಂಟೆಯಲ್ಲಿಯೇ ಕಪ್ಪಿಗೆ ಹತ್ತಿರವಾದ ಬಣ್ಣ ಬಂದಿತ್ತು, ಎಲ್ಲರೂ ಮೆಚ್ಚಿದ್ದರು. ಮೂರನೆಯ ದಿನ ನನ್ನ ಚಿಕ್ಕವಳ ಕೈಯಲ್ಲಿ ತುರಿಕೆ ಶುರುವಾಗಿ, ಬಳ್ಳಿಯ ಚಿತ್ರ ಎಲ್ಲೆಲ್ಲಿ ಹರಿದಿತ್ತೋ ಅಲ್ಲೆಲ್ಲ ಸಾಲಾಗಿ ನೀರುಗುಳ್ಳೆಗಳು ಎದ್ದವು. ಚರ್ಮದ ವೈದ್ಯರ ಔಷಧಿಯಿಂದ ಮೂರು ವಾರಗಳಲ್ಲಿ ಗುಣವಾಯಿತಾದರೂ ಮುಂಗೈಯ ಮೇಲೆ ಆ ಬಳ್ಳಿಯ ತಿಳಿಯಾದ ಗುರುತು ಬಹಳ ದಿನ ಉಳಿದಿತ್ತು. ನನಗಿಂತ ಹೆಚ್ಚು ನೊಂದವರು ಆ ಉಮ್ಮ. ಈ ವರ್ಷ ಅವರು ಕರೆಯಲು ಹಿಂಜರಿಯುತ್ತಾರೆ ಎಂಬುದು ಅವರ ಮುಖದಿಂದಲೇ ನನಗೆ ತಿಳಿಯುತ್ತಿದೆ, ಕರೆಯದಿದ್ದರೆ ಆ ಬೇಲಿ ನಿಜವಾಗಿಯೂ ಬೇಲಿಯಾಗಿಬಿಡುತ್ತದೆ ಎಂಬ ಭಯ ನನ್ನದು.

ಆದ್ದರಿಂದ ನಾನೇ ನಮ್ಮ ಬೇಲಿಯ ಎಲೆಯನ್ನು ಅರೆದು ಒಯ್ಯಬೇಕೆಂದಿದ್ದೇನೆ. ತಿಳಿದವರಲ್ಲಿ ನನ್ನ ಕೇಳಿಕೆಯೇನೆಂದರೆ, ಹಬ್ಬಕ್ಕೆ ಸಂಬಂಧಿಸಿದ ಈ ಮೈಲಾಂಜಿಗೆ ಧಾರ್ಮಿಕ ನಿಯಮವೇನಾದರೂ ಇದೆಯೇ, ಬೇರೆ ಮತದವಳು ಅರೆದು ತಂದರೆ ಅವರಿಗೆ ಮುಜುಗರವಾಗಬಹುದೇ? ಎರಡನೆಯದಾಗಿ, ಎಲೆ ಅರೆದು ಹಚ್ಚಿದಾಗ ಬೆಳಗಿಗೆ ಬರೀ ಕಿತ್ತಳೆ ಬಣ್ಣ ಕಾಣುತ್ತದೆ ಎಂದು ಹುಡುಗಿಯರು ಮೂಗು ಮುರಿಯುತ್ತಾರೆ. ಚಂದ್ರ ಕಂಡ ರಾತ್ರಿ ಹಚ್ಚಿ ಮರುದಿನ ಬೆಳಗ್ಗೆ ನಮಾಜಿನ ಹೊತ್ತಿಗೆ ಕೈ ಕೆಂಪಾಗಿಸುವುದು ಹಿಂದಿನವರಿಗೆ ಹೇಗೆ ಸಾಧ್ಯವಾಗುತ್ತಿತ್ತು?

ಉತ್ತರ
ಬರೆದವರು: ಉಪ್ಪಳದ ಮನೆಯಾಕೆ

ಟೀಚರೇ, ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಕೋನ್‌ನ ತಾಪತ್ರಯವೆಲ್ಲ ಹುಟ್ಟಿದ್ದು ಅಲ್ಲಿಯೇ. ಹಿಂದಿನವರು ಚಂದ್ರ ಕಂಡ ರಾತ್ರಿ ಹಚ್ಚಿ ಬೆಳಗ್ಗೆ ಕೆಂಪು ಮಾಡುತ್ತಿರಲಿಲ್ಲ. ನಮ್ಮ ಉಮ್ಮಾಮ, ಎಂದರೆ ಅಜ್ಜಿ, ಒಂದು ದಿನ ಮೊದಲೇ ಹಚ್ಚುತ್ತಿದ್ದರು.

ಲೆಕ್ಕ ಹೀಗೆ. ರಂಜಾನ್ ತಿಂಗಳು ಇಪ್ಪತ್ತೊಂಬತ್ತು ದಿನಕ್ಕೆ ಮುಗಿಯಬಹುದು, ಮೂವತ್ತಕ್ಕೂ ಮುಗಿಯಬಹುದು, ಅದನ್ನು ತೀರ್ಮಾನಿಸುವುದು ಇಪ್ಪತ್ತೊಂಬತ್ತನೆಯ ಉಪವಾಸದ ಸಂಜೆಯ ಆಕಾಶ. ಇಪ್ಪತ್ತೆಂಟನೆಯ ಉಪವಾಸ ಬಿಟ್ಟ ರಾತ್ರಿ ಇಶಾ ಮತ್ತು ತರಾವೀಹ್ ನಮಾಜು ಮುಗಿಸಿ, ಪಾತ್ರೆ ತೊಳೆದು, ಕೈಗೆ ಮತ್ತೆ ನೀರು ತಾಗಿಸುವ ಕೆಲಸವಿಲ್ಲ ಎಂದಾದ ಮೇಲೆ ಉಮ್ಮಾಮ ಎಲ್ಲರನ್ನೂ ಕೂರಿಸುತ್ತಿದ್ದರು. ಹಳೆಯ ಬಟ್ಟೆ ಸುತ್ತಿಕೊಂಡು ಮಲಗಿದರೆ ಅತ್ತಾಳಕ್ಕೆ, ಎಂದರೆ ಬೆಳಗಿನ ಜಾವದ ಊಟಕ್ಕೆ, ಎಬ್ಬಿಸುವವರೆಗೂ ಕೈ ಹಾಗೆಯೇ ಇರಬೇಕು. ಆಗ ಒಣಗಿದ್ದನ್ನು ಉಜ್ಜಿ ಉದುರಿಸಿ, ಕೈ ತೊಳೆದು ಉಣ್ಣುತ್ತಿದ್ದೆವು. ಬಣ್ಣ ಆಗ ಕಿತ್ತಳೆಯೇ. ಇಪ್ಪತ್ತೊಂಬತ್ತನೆಯ ಉಪವಾಸದ ಇಡೀ ಹಗಲು ಅದು ತನ್ನಷ್ಟಕ್ಕೆ ಮಾಗುತ್ತಿತ್ತು. ಆ ಸಂಜೆ ಚಂದ್ರ ಕಂಡರೆ ಮರುದಿನದ ಪೆರ್ನಾಲಿಗೆ ಕೈ ಕಡುಗೆಂಪು. ಕಾಣದಿದ್ದರೆ ಇನ್ನೊಂದು ದಿನ ಸಿಕ್ಕಿ ಮತ್ತಷ್ಟು ಕೆಂಪು. ಚಂದ್ರ ಎತ್ತ ತೀರ್ಪು ಕೊಟ್ಟರೂ ಉಮ್ಮಾಮನಿಗೆ ನಷ್ಟವಿರಲಿಲ್ಲ. ಚಂದ್ರ ಕಂಡ ಮೇಲೆಯೇ ಹಚ್ಚಬೇಕು ಎಂಬ ಹಟ ಬಂದದ್ದು ಅರ್ಧ ಗಂಟೆಯ ಕೋನ್ ಅಂಗಡಿಗೆ ಬಂದ ಮೇಲೆ ಎಂಬುದು ನನ್ನ ಅಭಿಪ್ರಾಯ. ಬಕ್ರೀದಿಗೆ ಈ ಗೊಂದಲವೇ ಇಲ್ಲ. ದುಲ್‌ಹಜ್ ತಿಂಗಳ ಚಂದ್ರ ಕಂಡು ಹತ್ತನೆಯ ದಿನ ಹಬ್ಬವಾದ್ದರಿಂದ ತಾರೀಖು ಮೊದಲೇ ಗೊತ್ತಿರುತ್ತದೆ.

ಇನ್ನು ಚಿತ್ರದ ವಿಷಯ. ಕೋನ್ ಇಲ್ಲದ ಕಾಲದಲ್ಲಿ ನಮ್ಮ ಕರಾವಳಿಯಲ್ಲಿಯೂ ಮಲಬಾರಿನಲ್ಲಿಯೂ ಹಲಸಿನ ಮೇಣದಿಂದ ಚಿತ್ರ ಮಾಡುತ್ತಿದ್ದರು. ಕೋಲಿಗೆ ಸುತ್ತಿಟ್ಟ ಮೇಣವನ್ನು ಬಿಸಿ ಮಾಡಿ ಕರಗಿಸಿ, ತೆಂಗಿನ ಗರಿಯ ಕಡ್ಡಿಯಿಂದ ಅಂಗೈಯ ಮೇಲೆ ಸಣ್ಣ ಸಣ್ಣ ಚುಕ್ಕೆಗಳನ್ನು ಇಡುವುದು. ಚುಕ್ಕೆ ಗಟ್ಟಿಯಾದ ಮೇಲೆ ಅರೆದ ಮೈಲಾಂಜಿಯನ್ನು ಅಂಗೈ ತುಂಬ ಮೆತ್ತುವುದು. ಮರುದಿನ ಮೇಣ ಕಿತ್ತಾಗ ಕೆಂಪು ಅಂಗೈಯಲ್ಲಿ ಚುಕ್ಕೆಗಳ ಜಾಗವಷ್ಟೇ ಬಿಳಿಯಾಗಿ ಉಳಿಯುತ್ತಿತ್ತು. ಈಗಿನ ಚಿತ್ರದಲ್ಲಿ ಬರೆದದ್ದು ಕೆಂಪು, ಆಗಿನದರಲ್ಲಿ ಬರೆದದ್ದು ಬಿಳಿ. ನನ್ನ ಮಗಳಿಗೆ ಇದನ್ನು ಹೇಳಿದಾಗ ಅವಳು ನಂಬಲಿಲ್ಲ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಇದಕ್ಕೆ ಮಂತ್ರವಿಲ್ಲ, ಮುಹೂರ್ತವಿಲ್ಲ, ಇಂಥವರೇ ಅರೆಯಬೇಕೆಂಬ ಕಟ್ಟಳೆಯಿಲ್ಲ. ಬೇಲಿಯ ಎಲೆಗೆ ಎರಡೂ ಮನೆ ಹಕ್ಕುದಾರರಲ್ಲವೇ? ನೀವು ತಟ್ಟೆ ಹಿಡಿದು ಹೋದರೆ ಆ ಉಮ್ಮನ ಎದೆಯ ಮೇಲಿನ ಕಲ್ಲು ಇಳಿಯುತ್ತದೆ.

ಉತ್ತರ
ಬರೆದವರು: ರಸಾಯನಶಾಸ್ತ್ರದ ಮೇಷ್ಟ್ರು, ಕಾಸರಗೋಡು

ಉಪ್ಪಳದ ಅಕ್ಕನವರು ಹೇಳಿದ ‘ಮಾಗುವುದು’ ಎಂಬ ಮಾತು ರಸಾಯನಶಾಸ್ತ್ರದ ದೃಷ್ಟಿಯಿಂದಲೂ ಸರಿಯಾದದ್ದು. ಮದರಂಗಿ ಗಿಡದ ಶಾಸ್ತ್ರೀಯ ಹೆಸರು ಲಾಸೋನಿಯಾ ಇನರ್ಮಿಸ್. ಅದರ ಎಲೆಯಲ್ಲಿರುವ ಬಣ್ಣದ ವಸ್ತುವಿಗೆ ಲಾಸೋನ್ ಎಂದು ಹೆಸರು. ಒಣ ಎಲೆಯ ತೂಕದಲ್ಲಿ ಅದರ ಪಾಲು ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಭಾಗ ಮಾತ್ರ. ಎಲೆಯೊಳಗೆ ಅದು ಸಕ್ಕರೆಯ ಅಣುವಿನೊಡನೆ ಬೆಸೆದುಕೊಂಡಿರುತ್ತದೆ, ಅರೆದು ಸ್ವಲ್ಪ ಹುಳಿ ಬೆರೆಸಿದಾಗ ಬಿಡುಗಡೆಯಾಗುತ್ತದೆ. ನಿಂಬೆರಸವನ್ನೋ ಹುಣಸೆಯ ನೀರನ್ನೋ ಸೇರಿಸುವ ಪದ್ಧತಿಯ ಹಿಂದಿರುವ ಕಾರಣ ಇದು. ಬಿಡುಗಡೆಯಾದ ಲಾಸೋನ್ ಚರ್ಮದ ಹೊರಪದರದ ಕೆರಾಟಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಕಿತ್ತಳೆ ಬಣ್ಣ ಕೊಡುತ್ತದೆ, ಆಮೇಲೆ ಗಾಳಿಯ ಆಮ್ಲಜನಕದೊಡನೆ ಸೇರಿ ಇಪ್ಪತ್ನಾಲ್ಕರಿಂದ ನಲವತ್ತೆಂಟು ಗಂಟೆಗಳಲ್ಲಿ ಕಡುಗೆಂಪಿಗೆ ತಿರುಗುತ್ತದೆ. ಈ ಎರಡನೆಯ ಹಂತವನ್ನು ಅರ್ಧ ಗಂಟೆಗೆ ಇಳಿಸಲು ಯಾವ ಎಲೆಗೂ ಸಾಧ್ಯವಿಲ್ಲ. ಅಂಗೈ ಮತ್ತು ಅಂಗಾಲುಗಳಲ್ಲಿ ಹೊರಪದರ ದಪ್ಪವಾಗಿರುವುದರಿಂದ ಅಲ್ಲಿ ಬಣ್ಣ ಗಾಢವಾಗುತ್ತದೆ, ಮುಂಗೈಯಲ್ಲಿ ತೆಳುವಾಗುತ್ತದೆ. ಸತ್ತ ಚರ್ಮ ಉದುರಿದಂತೆ ಬಣ್ಣವೂ ಉದುರಿ ಎರಡು ಮೂರು ವಾರಗಳಲ್ಲಿ ಮಾಯವಾಗುತ್ತದೆ.

ಹಾಗಾದರೆ ಅರ್ಧ ಗಂಟೆಯಲ್ಲಿ ಕಪ್ಪಾದದ್ದು ಏನು? ನಿಮ್ಮ ಮಗಳ ಕೈಗೆ ಹಚ್ಚಿದ ಕೋನ್ ಅನ್ನು ನಾನು ಪರೀಕ್ಷಿಸಿಲ್ಲವಾದರೂ ನೀವು ವಿವರಿಸಿದ ಲಕ್ಷಣಗಳು ಕಪ್ಪು ಮೆಹಂದಿಯ ಪ್ರಕರಣಗಳಲ್ಲಿ ವೈದ್ಯರು ಕಾಣುವ ಲಕ್ಷಣಗಳೇ. ಕಪ್ಪು ಬಣ್ಣಕ್ಕಾಗಿ ಅದರಲ್ಲಿ ಬೆರೆಸುವುದು ಪ್ಯಾರಾಫಿನೈಲೀನ್‌ಡೈಅಮೀನ್ ಎಂಬ ರಾಸಾಯನಿಕವನ್ನು. ಚಿಕ್ಕದಾಗಿ ಪಿಪಿಡಿ ಎನ್ನುತ್ತಾರೆ. ಇದು ತಲೆಗೂದಲಿನ ಕಪ್ಪು ಬಣ್ಣದ ಪೊಟ್ಟಣಗಳಲ್ಲಿ ಬಳಸುವ ವಸ್ತು. ಐರೋಪ್ಯ ಒಕ್ಕೂಟದಲ್ಲಿ ಕೂದಲಿನ ಬಣ್ಣದಲ್ಲಿ ಅದರ ಪ್ರಮಾಣ ತಲೆಗೆ ಹಚ್ಚುವಾಗ ಶೇಕಡಾ 2ನ್ನು ಮೀರುವಂತಿಲ್ಲ, ಚರ್ಮದ ಮೇಲೆ ಚಿತ್ರ ಬರೆಯಲು ಅದಕ್ಕೆ ಅನುಮತಿಯೇ ಇಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಂತೂ ಮದರಂಗಿಯನ್ನು ಕೂಡ ಕೂದಲಿಗೆ ಹಚ್ಚಲು ಮಾತ್ರ ಒಪ್ಪಿದೆ. ಚಿತ್ರದ ಗೆರೆಯುದ್ದಕ್ಕೂ ಗುಳ್ಳೆಗಳು ಏಳುವುದು ಪಿಪಿಡಿಯ ಅಲರ್ಜಿಯ ಗುರುತು. ಜಗಲಿಯಲ್ಲಿ ಕುಳಿತ ಹನ್ನೆರಡು ಹುಡುಗಿಯರಲ್ಲಿ ಒಬ್ಬಳಿಗಷ್ಟೇ ಹೀಗಾದದ್ದು ಕೂಡ ಅಲರ್ಜಿಯ ಸ್ವಭಾವಕ್ಕೆ ಹೊಂದುತ್ತದೆ. ಹಿಂದಿನ ವರ್ಷ ಅದೇ ಬಗೆಯ ಕೋನ್‌ನಿಂದ ಏನೂ ಆಗದವಳ ದೇಹ ಆಗಲೇ ಆ ವಸ್ತುವನ್ನು ಗುರುತಿಟ್ಟುಕೊಂಡಿರಬಹುದು.

ಇಲ್ಲಿ ನಾನು ಒತ್ತಿ ಹೇಳಬೇಕಾದ ಮಾತೊಂದಿದೆ. ಗುಳ್ಳೆ ಮಾಸಿದರೂ ಅಲರ್ಜಿ ಮಾಸುವುದಿಲ್ಲ. ಆ ಹುಡುಗಿ ಮುಂದೆ ಯಾವ ವಯಸ್ಸಿನಲ್ಲಾದರೂ ತಲೆಗೂದಲಿಗೆ ಕಪ್ಪು ಬಣ್ಣ ಹಚ್ಚಿಕೊಂಡರೆ ಮುಖ ಮತ್ತು ಕಣ್ಣುಗಳು ಊದಿಕೊಳ್ಳುವಷ್ಟು ತೀವ್ರವಾದ ಪ್ರತಿಕ್ರಿಯೆ ಬರಬಹುದು. ಬೆಂಜೊಕೇಯ್ನ್ ಎಂಬ, ಮರಗಟ್ಟಿಸುವ ಮುಲಾಮುಗಳಲ್ಲಿರುವ ಔಷಧಿಗೂ ಕೆಲವರಲ್ಲಿ ಇದೇ ಅಲರ್ಜಿ ಹರಡುತ್ತದೆ. ಚರ್ಮದ ವೈದ್ಯರಲ್ಲಿ ಪ್ಯಾಚ್ ಪರೀಕ್ಷೆ (ಅನುಮಾನದ ವಸ್ತುವನ್ನು ಚರ್ಮಕ್ಕೆ ಅಂಟಿಸಿ ನೋಡುವ ಪರೀಕ್ಷೆ) ಮಾಡಿಸಿ, ಫಲಿತಾಂಶವನ್ನು ಅವಳ ಆರೋಗ್ಯದ ದಾಖಲೆಯಲ್ಲಿ ಬರೆಸಿಡಿ. ಶುದ್ಧ ಎಲೆಯನ್ನು ಅವಳಿಗೆ ಹಚ್ಚಬಹುದೇ ಎಂಬುದನ್ನೂ ಅದೇ ಭೇಟಿಯಲ್ಲಿ ಕೇಳಿ. ಎಲೆಯಿಂದ ಅಲರ್ಜಿಯಾಗುವುದು ಬಹಳ ಅಪರೂಪ. ಆದರೆ ಜಿ6ಪಿಡಿ ಕಿಣ್ವದ ಕೊರತೆಯಿರುವ ಮಕ್ಕಳಿಗೆ, ಅದರಲ್ಲಿಯೂ ಹಸುಗೂಸುಗಳಿಗೆ ಶುದ್ಧ ಮದರಂಗಿಯೂ ಕೆಂಪು ರಕ್ತಕಣಗಳನ್ನು ಒಡೆಯುವಷ್ಟು ಅಪಾಯಕಾರಿ. ಹಬ್ಬದ ಸಡಗರದಲ್ಲಿ ತೊಟ್ಟಿಲಿನ ಮಗುವಿನ ಅಂಗೈಗೆ ಒಂದು ಬೊಟ್ಟು ಇಡುವವರು ಇದನ್ನು ನೆನಪಿಡಬೇಕು.

ಅಂಗಡಿಯಲ್ಲಿ ಕೋನ್ ಕೊಳ್ಳುವವರಿಗೆ ಒಂದು ಸರಳ ಪರೀಕ್ಷೆಯಿದೆ. ಎಲೆಯಿಂದ ಮಾಡಿದ ಹಸಿ ಲೇಪ ಕೋಣೆಯ ಉಷ್ಣತೆಯಲ್ಲಿ ಕೆಲವೇ ದಿನಗಳಲ್ಲಿ ಬಣ್ಣ ಕೊಡುವ ಶಕ್ತಿ ಕಳೆದುಕೊಳ್ಳುತ್ತದೆ, ಅದನ್ನು ಫ್ರೀಜರಿನಲ್ಲಿ ಇಡಬೇಕಾಗುತ್ತದೆ. ಬಿಸಿಲು ಬೀಳುವ ಅಂಗಡಿಯ ಬಾಗಿಲಲ್ಲಿ ತಿಂಗಳುಗಟ್ಟಲೆ ತೂಗಾಡಿದ ಕೋನ್ ಇನ್ನೂ ಚೆನ್ನಾಗಿ ಬಣ್ಣ ಕೊಡುತ್ತದೆ ಎಂದರೆ ಆ ಬಣ್ಣ ಎಲೆಯದಲ್ಲ.

ಉತ್ತರ
ಬರೆದವರು: ಆದೋನಿಯ ಜವಳಿ ಅಂಗಡಿಯವ

ನಾನು ಆದೋನಿಯವನು. 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ನಮ್ಮ ತಾಲೂಕು ಆಂಧ್ರಕ್ಕೆ ಸೇರಿತಾದರೂ ಕನ್ನಡ ಉಳಿದಿದೆ. ಮನೆಯಲ್ಲಿ ದಖನಿ, ಅಂಗಡಿಯಲ್ಲಿ ತೆಲುಗು, ಗೆಳೆಯರೊಡನೆ ಕನ್ನಡ. ಒಂದೇ ಎಲೆಯನ್ನು ನಾವು ಮನೆಯಲ್ಲಿ ಮೆಹಂದಿ, ಪೇಟೆಯಲ್ಲಿ ಗೋರಿಂಟಾಕು, ಬಳ್ಳಾರಿಯ ಬೀಗರ ಮುಂದೆ ಗೋರಂಟಿ ಎನ್ನುತ್ತೇವೆ. ನಮ್ಮ ನೆರೆಯ ಹಿಂದೂ ಹೆಂಗಸರು ಆಷಾಢ ಮಾಸದಲ್ಲಿ ತಪ್ಪದೆ ಗೋರಿಂಟಾಕು ಹಚ್ಚಿಕೊಳ್ಳುತ್ತಾರೆ: ಅಂಗೈಯ ನಡುವೆ ಚಂದ್ರನಂತೆ ಒಂದು ದುಂಡನೆಯ ಬೊಟ್ಟು, ಬೆರಳ ತುದಿಗಳಿಗೆ ಟೊಪ್ಪಿಗೆ. ನಮ್ಮ ಮನೆಯ ಹಿರಿಯರು ಈದಿಗೆ ಹಚ್ಚಿಕೊಳ್ಳುತ್ತಿದ್ದದ್ದೂ ಅದೇ ಚಿತ್ರ. ಬಳ್ಳಿ, ನವಿಲು, ಜಾಲರಿಯ ಚಿತ್ತಾರಗಳು ಕೋನ್‌ನೊಡನೆ ಬಂದವು.

ಉಪ್ಪಳದ ಸಹೋದರಿಯ ಲೆಕ್ಕಾಚಾರ ಚೆನ್ನಾಗಿದೆ, ಆದರೆ ಅದನ್ನು ಪೂರ್ತಿ ಒಪ್ಪಲು ನನಗೆ ಕಷ್ಟ. ಚಾಂದ್‌ರಾತ್ (ಹಬ್ಬದ ಹಿಂದಿನ, ಚಂದ್ರ ಕಂಡ ರಾತ್ರಿ) ಎಂದರೆ ನಮ್ಮಲ್ಲಿ ಅಂಗಡಿ ಬೀದಿ ರಾತ್ರಿಯಿಡೀ ತೆರೆದಿರುತ್ತದೆ, ಬಳೆಯಂಗಡಿಯ ಮೆಟ್ಟಿಲ ಮೇಲೆ ಕುಳಿತು ಹುಡುಗಿಯರು ಮೆಹಂದಿ ಹಾಕಿಸಿಕೊಳ್ಳುತ್ತಾರೆ, ಒಂದೊಂದು ಕೈಗೆ ಇಷ್ಟು ಎಂದು ಹಣ ಪಡೆದು ಬಡ ಮನೆಯ ಎಷ್ಟೋ ಹೆಣ್ಣುಮಕ್ಕಳು ಆ ಒಂದು ರಾತ್ರಿಯಲ್ಲಿ ತಮ್ಮ ಈದಿನ ಖರ್ಚನ್ನು ದುಡಿದುಕೊಳ್ಳುತ್ತಾರೆ. ಆ ಸಡಗರವನ್ನು ಒಂದು ರಾತ್ರಿ ಹಿಂದಕ್ಕೆ ತಳ್ಳಿ ಎಂದರೆ ಯಾರೂ ಕೇಳುವುದಿಲ್ಲ. ಅಲ್ಲದೆ ಹೆಂಗಸರಿಗೆಲ್ಲ ಎಲೆ ಬಿಡಿಸಿ, ಕಲ್ಲಿನಲ್ಲಿ ಅರೆಯುವ ಬಿಡುವೆಲ್ಲಿದೆ? ನನ್ನ ಮಡದಿ ಹಬ್ಬದ ಹಿಂದಿನ ರಾತ್ರಿ ಹನ್ನೊಂದರವರೆಗೆ ನನ್ನೊಡನೆ ಅಂಗಡಿಯಲ್ಲಿ ಬಟ್ಟೆ ಮಡಿಸುತ್ತಿರುತ್ತಾಳೆ.

ಆದ್ದರಿಂದ ನಾವು ಹಿಡಿದಿರುವುದು ನಡುವಿನ ದಾರಿ. ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್‌ನಿಂದ ಬರುವ ಒಣ ಎಲೆಯ ಪುಡಿಯನ್ನು ಕೊಳ್ಳುತ್ತೇವೆ. ಬಿಸಿ ಒಣಹವೆಯಲ್ಲಿ ಬೆಳೆದ ಎಲೆಯಲ್ಲಿ ಬಣ್ಣ ಹೆಚ್ಚು. ಸೋಜತ್ ಮೆಹಂದಿಗೆ 2021ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಪುಡಿಯನ್ನು ತೆಳುಬಟ್ಟೆಯಲ್ಲಿ ಸೋಸಿ, ನಿಂಬೆರಸದಲ್ಲಿ ಗಟ್ಟಿಯಾಗಿ ಕಲಸಿ, ಮುಚ್ಚಿ ಎಂಟು ಗಂಟೆ ಬಿಟ್ಟರೆ ಮೇಲ್ಪದರ ಕಂದುಬಣ್ಣಕ್ಕೆ ತಿರುಗುತ್ತದೆ. ಆಗ ಒಂದು ಚಮಚ ಸಕ್ಕರೆ ಬೆರೆಸಿದರೆ ಲೇಪ ಬೇಗ ಬಿರುಕು ಬಿಡುವುದಿಲ್ಲ. ಹಾಲಿನ ಪ್ಯಾಕೆಟ್ಟನ್ನು ತೊಳೆದು, ಒಣಗಿಸಿ, ಕತ್ತರಿಸಿ, ಸುತ್ತಿ, ಟೇಪ್ ಅಂಟಿಸಿದರೆ ಕೋನ್ ಸಿದ್ಧ. ಚಾಂದ್‌ರಾತ್‌ನಲ್ಲಿಯೇ ಹಾಕಿಸಿಕೊಳ್ಳುತ್ತಾರೆ, ಈದಿನ ಬೆಳಗ್ಗೆ ಕೈ ಕಿತ್ತಳೆಯಾಗಿರುತ್ತದೆ, ಸಂಜೆ ನೆಂಟರ ಮನೆಗೆ ಹೋಗುವ ಹೊತ್ತಿಗೆ ಕೆಂಪೇರಲು ತೊಡಗುತ್ತದೆ, ಮರುದಿನದ ದಾವತ್ತಿಗೆ (ಔತಣಕ್ಕೆ) ಪೂರ್ತಿ ಕೆಂಪು. ನಮ್ಮಲ್ಲಿ ಈದು ಒಂದೇ ಬೆಳಗಿಗೆ ಮುಗಿಯುವುದಿಲ್ಲವಲ್ಲ.

ಮೆಹಂದಿಯನ್ನು ಸಂತೋಷದ ಗುರುತೆಂದಷ್ಟೇ ಎಲ್ಲರೂ ಬರೆಯುತ್ತಿರುವುದರಿಂದ ಒಂದು ಮಾತು ಸೇರಿಸುತ್ತೇನೆ. ಕರ್ಬಲಾದ ಯುದ್ಧದಲ್ಲಿ ಮಡಿದ, ಪ್ರವಾದಿಯವರ ಮೊಮ್ಮಗ ಇಮಾಮ್ ಹುಸೇನರ ಅಣ್ಣನ ಮಗ ಖಾಸಿಂ ಅವರ ನೆನಪಿಗೆ ಮೊಹರಂ ತಿಂಗಳ ಏಳನೆಯ ದಿನ ಹೈದರಾಬಾದಿನಲ್ಲಿಯೂ ಲಖನೌದಲ್ಲಿಯೂ ಮೆಹಂದಿಯ ತಟ್ಟೆ ಹೊರಡಿಸುತ್ತಾರೆ. ಅವರ ಮದುವೆ ಆ ರಣರಂಗದಲ್ಲಿಯೇ ನಡೆಯಿತೆಂಬ ಜನಪ್ರಿಯ ಕಥೆ ಆ ಆಚರಣೆಗೆ ಆಧಾರ. ಅಲ್ಲಿ ಮೆಹಂದಿ ಶೋಕದ್ದು. ಮದುಮಗನ ಕೈಗೆ ಹತ್ತದೆ ಉಳಿದ ಮೆಹಂದಿ ಅದು.

ಉತ್ತರ
ಬರೆದವರು: ನಿವೃತ್ತ ಅರಬಿ ಅಧ್ಯಾಪಕ, ಬದಿಯಡ್ಕ

ಟೀಚರಮ್ಮನವರು ಕೇಳಿದ ಧಾರ್ಮಿಕ ನಿಯಮದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುವುದು ಒಳ್ಳೆಯದೆಂದು ತೋರುತ್ತದೆ. ಈದ್ ದಿನದ ಸುನ್ನತ್ತುಗಳೆಂದರೆ (ಪ್ರವಾದಿಯವರ ಮಾದರಿಯ ಆಚರಣೆಗಳೆಂದರೆ) ಸ್ನಾನ, ಇದ್ದುದರಲ್ಲಿ ಒಳ್ಳೆಯ ಉಡುಪು, ತಕ್ಬೀರ್ (ದೇವರ ಹಿರಿಮೆಯ ಘೋಷ), ನಮಾಜಿಗೆ ಮುನ್ನ ಫಿತ್ರ್ ಝಕಾತ್ (ಹಬ್ಬದ ದಾನ) ಕೊಡುವುದು, ಸಣ್ಣ ಪೆರ್ನಾಲಿನಲ್ಲಿ (ರಂಜಾನ್ ಮುಗಿದ ಈದಿನಲ್ಲಿ) ಏನಾದರೂ ತಿಂದು ನಮಾಜಿಗೆ ಹೊರಡುವುದು. ಆ ಪಟ್ಟಿಯಲ್ಲಿ ಮೈಲಾಂಜಿ ಇಲ್ಲ. ಅದು ಹೆಂಗಸರ ಅಲಂಕಾರಕ್ಕೆ ಸೇರಿದ್ದು. ಹಬ್ಬ ಅಲಂಕಾರದ ದಿನವಾದ್ದರಿಂದ ಅಲ್ಲಿಗೂ ಬಂದಿದೆ. ಹೆಂಗಸರು ಕೈಗೆ ಹಿನ್ನಾ (ಮೈಲಾಂಜಿ) ಹಚ್ಚುವುದಕ್ಕೆ ಪ್ರೋತ್ಸಾಹವಿದೆ ಎನ್ನಲು ಅಬೂ ದಾವೂದರ ಹದೀಸ್ (ಪ್ರವಾದಿಯವರ ನುಡಿ ನಡೆಗಳ ವರದಿ) ಸಂಗ್ರಹದಲ್ಲಿರುವ ಒಂದು ಪ್ರಸಂಗವನ್ನು ಉದಾಹರಿಸುತ್ತಾರೆ: ಪರದೆಯ ಮರೆಯಿಂದ ಪತ್ರವೊಂದನ್ನು ನೀಡಿದ ಕೈಯನ್ನು ಕಂಡು ಪ್ರವಾದಿಯವರು ಅದು ಗಂಡಸಿನದೋ ಹೆಂಗಸಿನದೋ ಎಂದು ವಿಚಾರಿಸಿ, ಹೆಂಗಸಿನದೆಂದು ತಿಳಿದಾಗ, ಹಾಗಿದ್ದರೆ ಉಗುರಿಗಾದರೂ ಹಿನ್ನಾ ಹಚ್ಚಬೇಕಿತ್ತು ಎಂಬರ್ಥದ ಮಾತು ಹೇಳಿದರೆಂದು ಅದರಲ್ಲಿದೆ. ಈ ವರದಿಯನ್ನು ಹೇಳುತ್ತ ಬಂದವರ ಸರಪಳಿ ದುರ್ಬಲವೆಂದು ಹೇಳುವ ವಿದ್ವಾಂಸರೂ ಇದ್ದಾರೆ.

ಗಂಡಸರು ಅಲಂಕಾರಕ್ಕಾಗಿ ಕೈಕಾಲುಗಳಿಗೆ ಹಚ್ಚುವುದನ್ನು ನಮ್ಮ ಕಡೆ ಹೆಚ್ಚಿನವರು ಅನುಸರಿಸುವ ಶಾಫಿ ಪಂಥದ ಗ್ರಂಥಗಳು ಒಪ್ಪುವುದಿಲ್ಲ, ಚಿಕಿತ್ಸೆಗಾದರೆ ಅಡ್ಡಿಯಿಲ್ಲ. ಆದರೆ ನರೆತ ಗಡ್ಡಕ್ಕೂ ತಲೆಗೂ ಹಚ್ಚುವುದು ಗಂಡಸರಿಗೂ ಸಲ್ಲುತ್ತದೆ. ಮಕ್ಕಾ ವಿಜಯದ ದಿನ ಪ್ರವಾದಿಯವರ ಸಂಗಾತಿ ಅಬೂಬಕರ್ ಅವರ ವೃದ್ಧ ತಂದೆಯನ್ನು ಕರೆತಂದಾಗ ಅವರ ತಲೆಯೂ ಗಡ್ಡವೂ ಬಿಳಿ ಹೂವಿನ ಗಿಡದಂತೆ ಬೆಳ್ಳಗಾಗಿದ್ದವೆಂದೂ, ಅದನ್ನು ಯಾವುದಾದರೂ ಬಣ್ಣದಿಂದ ಬದಲಿಸಿ, ಕಪ್ಪನ್ನು ಮಾತ್ರ ಬಿಡಿ ಎಂದು ಪ್ರವಾದಿಯವರು ಹೇಳಿದರೆಂದೂ ಸಹೀಹ್ ಮುಸ್ಲಿಂ ಎಂಬ ಹದೀಸ್ ಸಂಗ್ರಹದಲ್ಲಿದೆ. ಪಳ್ಳಿಯ (ಮಸೀದಿಯ) ಮೊದಲ ಸಾಲಿನಲ್ಲಿ ಕಾಣುವ ಕೆಂಗಡ್ಡದ ಹಿರಿಯರ ಗುಟ್ಟು ಇದು. ಕಪ್ಪನ್ನು ಬಿಡಿ ಎಂದದ್ದು ಕೂದಲಿನ ಕುರಿತ ಮಾತಾದರೂ, ಕಾಸರಗೋಡಿನ ಮೇಷ್ಟ್ರ ಬರಹ ಓದಿದ ಮೇಲೆ ಅದು ಕೋನ್ ಕೊಳ್ಳುವವರಿಗೂ ಒದಗುವ ಮಾತಾಯಿತಲ್ಲ ಎಂದು ನನಗೆ ನಗು ಬಂತು.

ವುಝೂ (ನಮಾಜಿಗೆ ಮುನ್ನ ಮುಖ, ಕೈಕಾಲು ತೊಳೆಯುವುದು) ಬಗ್ಗೆ ಹೆಣ್ಣುಮಕ್ಕಳಿಗೆ ಅನುಮಾನವಿರುತ್ತದೆ. ಮೈಲಾಂಜಿಯ ಬಣ್ಣ ಚರ್ಮಕ್ಕೆ ಹೀರಿಕೊಂಡ ಕಲೆ, ಅದು ನೀರನ್ನು ತಡೆಯುವುದಿಲ್ಲ. ಉಗುರಿಗೆ ಬಳಿಯುವ ಪಾಲಿಶ್ ಪದರವಾಗಿ ಕೂರುವುದರಿಂದ ತಡೆಯುತ್ತದೆ. ಒಣಗಿದ ಲೇಪವನ್ನು ಮಾತ್ರ ಪೂರ್ತಿ ತೆಗೆದು ವುಝೂ ಮಾಡಬೇಕು. ಕೆಲವು ದಿಢೀರ್ ಕೋನ್‌ಗಳ ಬಣ್ಣ ನಾಲ್ಕನೆಯ ದಿನ ಸಿಪ್ಪೆಯಂತೆ ಏಳುವುದನ್ನು ನೋಡಿದವರು ಇದು ಕಲೆಯೋ ಪದರವೋ ಎಂದು ನನ್ನನ್ನು ಕೇಳಿದ್ದಾರೆ. ಅಂಥದ್ದನ್ನು ದೂರವಿಡುವುದೇ ಲೇಸೆಂದು ನಾನು ಹೇಳುತ್ತೇನೆ. ಉಪವಾಸವಿರುವಾಗ ಹಚ್ಚಿದರೆ ಉಪವಾಸ ಮುರಿಯುವುದಿಲ್ಲ. ಮುಟ್ಟಿನ ದಿನಗಳಲ್ಲಿ ಹಚ್ಚಲೂ ಅಡ್ಡಿಯಿಲ್ಲ. ಬಕ್ರೀದಿಗೆ ಕುರ್ಬಾನಿ ಕೊಡುವವರು ದುಲ್‌ಹಜ್ ಒಂದರಿಂದ ಉಗುರು ಮತ್ತು ಕೂದಲು ಕತ್ತರಿಸದಿರುವುದು ಕ್ರಮ. ಮೈಲಾಂಜಿಗೆ ಆ ತಡೆಯಿಲ್ಲ. ಗಂಡನನ್ನು ಕಳೆದುಕೊಂಡು ನಾಲ್ಕು ತಿಂಗಳು ಹತ್ತು ದಿನಗಳ ಇದ್ದತ್ತಿನಲ್ಲಿರುವ (ಶೋಕದ ಅವಧಿಯಲ್ಲಿರುವ) ಹೆಂಗಸರು ಮಾತ್ರ ಹಚ್ಚಿಕೊಳ್ಳುವುದಿಲ್ಲ. ಟೀಚರಮ್ಮ, ಜಗಲಿಯಲ್ಲಿ ಯಾರಾದರೂ ಕೈ ಮುಂದೆ ಮಾಡದೆ ಸುಮ್ಮನೆ ಕುಳಿತಿದ್ದರೆ ಒತ್ತಾಯಿಸಬೇಡಿ.

ಉತ್ತರ
ಬರೆದವರು: ಉಪ್ಪಳದ ಮನೆಯಾಕೆ

ಒಂದು ಮಾತು ಬಿಟ್ಟುಹೋಗಿತ್ತು. ಕರಗಿದ ಹಲಸಿನ ಮೇಣ ಬಹಳ ಬಿಸಿಯಿರುತ್ತದೆ. ಉಮ್ಮಾಮ ಪ್ರತಿ ಚುಕ್ಕೆಯನ್ನೂ ಮೊದಲು ತಮ್ಮ ಮುಂಗೈಗೆ ತಾಗಿಸಿ ನೋಡುತ್ತಿದ್ದರು. ಚಿಕ್ಕ ಮಕ್ಕಳಿಗೆ ಅದನ್ನು ಮಾಡುವುದೇ ಬೇಡ. ಆದೋನಿಯ ಸಹೋದರರು ಹೇಳಿದ ಹಾಗೆ ಚಂದ್ರನ ಬೊಟ್ಟು, ಬೆರಳಿಗೆ ಟೊಪ್ಪಿಗೆ ಸಾಕು. ಅರೆದ ಎಲೆಗೆ ಅದೇ ಒಗ್ಗುವ ಚಿತ್ರ, ಎಷ್ಟು ನುಣ್ಣಗೆ ಅರೆದರೂ ಅದು ಕೋನ್‌ನ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ಮತ್ತೆ, ಮಿಕ್ಸಿಯಲ್ಲಿ ಅರೆಯುವುದಾದರೆ ನೀರು ಹೆಚ್ಚು ಹಾಕಬೇಡಿ, ಜಾರಿನ ಮುಚ್ಚಳದ ರಬ್ಬರ್ ಕೆಂಪಾದರೆ ನನ್ನನ್ನು ಬಯ್ಯಬೇಡಿ.

ಪ್ರಶ್ನೆ ಕೇಳಿದವರ ಮರುನುಡಿ
ಬರೆದವರು: ಬೇಲಿಯಾಚೆಯ ಟೀಚರ್, ಮಂಜೇಶ್ವರ

ಎಲ್ಲರಿಗೂ ಋಣಿ. ಮೇಷ್ಟ್ರ ಮಾತಿನಂತೆ ಮೊದಲು ಚರ್ಮದ ವೈದ್ಯರನ್ನು ಕಂಡು ಬಂದೆವು. ಪ್ಯಾಚ್ ಪರೀಕ್ಷೆಯಲ್ಲಿ ಪಿಪಿಡಿಯ ಜಾಗ ಕೆಂಪಾಗಿ ಊದಿತು. ನಮ್ಮ ಬೇಲಿಯ ಎಲೆ ಅರೆದು ಒಯ್ದಿದ್ದೆ, ಅದರ ಜಾಗದಲ್ಲಿ ಏನೂ ಆಗಲಿಲ್ಲ. ಕೂದಲಿನ ಬಣ್ಣದ ವಿಷಯವನ್ನು ವೈದ್ಯರು ಮಗಳಿಗೇ ನೇರವಾಗಿ ತಿಳಿಸಿ ಹೇಳಿದರು. ಅವಳಿಗೆ ಹನ್ನೊಂದು ವರ್ಷ. ತಲೆ ನರೆಯುವ ಚಿಂತೆ ಈಗಲೇ ಶುರುವಾಗಿದೆ.

ನಿನ್ನೆ ಸಂಜೆ ಇಫ್ತಾರ್ ಮುಗಿದ ಮೇಲೆ ಬೇಲಿಯ ಬಳಿ ನಾನೇ ಉಮ್ಮನನ್ನು ಕೂಗಿ ಕರೆದೆ. ಇಪ್ಪತ್ತೆಂಟನೆಯ ಉಪವಾಸದ ರಾತ್ರಿಯ ಲೆಕ್ಕವನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ತಮ್ಮ ತಾಯಿಯೂ ಹಾಗೆಯೇ ಮಾಡುತ್ತಿದ್ದರು, ಕೋನ್ ಬಂದ ಮೇಲೆ ಮರೆತುಹೋಗಿತ್ತು ಎಂದರು. ಹುಡುಗಿಯರನ್ನು ಒಪ್ಪಿಸುವ ಕೆಲಸ ಅವರದು, ಅರೆಯುವ ಕೆಲಸ ನನ್ನದು ಎಂದು ತೀರ್ಮಾನವಾಯಿತು. ಮಾತು ಮುಗಿಸಿ ಹೊರಟವರು ಮತ್ತೆ ತಿರುಗಿ ಬಂದು, ಕೋಲಿಗೆ ಸುತ್ತಿದ ಹಲಸಿನ ಮೇಣ ನಮ್ಮ ಹಟ್ಟಿಯ ಮಾಡಿನಲ್ಲಿ ಇನ್ನೂ ಇದೆಯೇ ಎಂದು ಕೇಳಿದರು. ಮಕ್ಕಳಿಗೆ ಬೇಡ, ತಮ್ಮ ಕೈಗೆ ಮಾತ್ರ ಎಂದರು. ನೋಡಿದೆ, ಇತ್ತು.